ಬಚ್ಚಲಿನ ಗೀಸರನ್ನು ಗೋಡೆಯಾಚೆ ಕಟ್ಟಿದ್ದು

ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮ ಚಿಕ್ಕಮ್ಮನ ಮನೆ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಹಿಂದೆ ಅಡಿಕೆ ತೋಟ. ಕಳೆದ ಆಟಿ ತಿಂಗಳ ಮಳೆಯಲ್ಲಿ ಒಂದು ಸಂಜೆ ಸ್ನಾನಕ್ಕೆ ಹೋದ ಚಿಕ್ಕಮ್ಮ ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ನೀರು ಬೀಳುವ ಸದ್ದು ಕೇಳುತ್ತಲೇ ಇತ್ತು, ಕರೆದರೆ ಉತ್ತರವಿಲ್ಲ. ಚಿಕ್ಕಪ್ಪ ಬಾಗಿಲು ದೂಡಿದರು. ಹಳೆಯ ಚಿಲಕವಾದ್ದರಿಂದ ಕಿತ್ತು ಬಂತು. ಚಿಕ್ಕಮ್ಮ ಗೋಡೆಗೆ ಒರಗಿ ಕುಳಿತಲ್ಲೇ ಇದ್ದರು, ಕಣ್ಣು ಅರ್ಧ ತೆರೆದಿತ್ತು. ಜಗಲಿಗೆ ತಂದು ಮಲಗಿಸಿ ಗಾಳಿ ಹಾಕಿದ ಮೇಲೆ ನಿಧಾನಕ್ಕೆ ಮಾತು ಬಂತು. ತಲೆ ಸಿಡಿಯುತ್ತದೆ, ವಾಂತಿ ಬಂದ ಹಾಗೆ ಆಗುತ್ತದೆ ಎಂದರು. ಎಲ್ಲರೂ ಬಿ.ಪಿ. ಎಂದೇ ತಿಳಿದದ್ದು. ಆಸ್ಪತ್ರೆಯಲ್ಲಿ ಡಾಕ್ಟರು ಆಕ್ಸಿಜನ್ ಹಾಕಿಸಿ ಕೇಳಿದ ಮೊದಲ ಪ್ರಶ್ನೆ ಇದು: "ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಉಂಟಾ?"

ಇತ್ತು. ಮೂರು ವರ್ಷದಿಂದ ಇತ್ತು.

ನಾನು ಬದಿಯಡ್ಕದಲ್ಲಿ ಪಂಪ್, ಮೋಟರ್ ರಿಪೇರಿ ಮಾಡುವವನು. ಗ್ಯಾಸ್ ನನ್ನ ಕಸುಬಲ್ಲ. ಆದರೆ ಆ ಮನೆಗೆ ಹೋದಾಗಲೆಲ್ಲ ಅದೇ ಬಚ್ಚಲಿನಲ್ಲಿ ಸ್ನಾನ ಮಾಡಿ ಬಂದವನು, ಒಂದು ದಿನವೂ ತಲೆಯೆತ್ತಿ ಆ ಪೆಟ್ಟಿಗೆಯನ್ನು ನೋಡಿರಲಿಲ್ಲ. ಚಿಕ್ಕಮ್ಮ ಮನೆಗೆ ಮರಳಿದ ಮರುದಿನವೇ ಹೋಗಿ ಅದನ್ನು ಬಂದ್ ಮಾಡಿದೆ. ಅಲ್ಲಿಂದ ಕೆಲಸ ಮುಗಿಯುವವರೆಗೆ ನಾಲ್ಕು ಶನಿವಾರ ಹಿಡಿಯಿತು. ಅಷ್ಟು ದಿನ ಸ್ನಾನಕ್ಕೆ ಹಳೆಯ ತಾಮ್ರದ ಹಂಡೆ, ತೆಂಗಿನ ಮಡಲು, ಅಡಿಕೆ ಸಿಪ್ಪೆ. ಏನೇನು ಮಾಡಿದೆವು ಎಂಬುದನ್ನು ನಮ್ಮ ಕಡೆಯ ಇಂಥದೇ ಮನೆಗಳವರಿಗಾಗಿ ಬರೆಯುತ್ತಿದ್ದೇನೆ.

ಮೊದಲ ಶನಿವಾರ: ಅಳತೆ

ಬಚ್ಚಲು ಐದಡಿ ಅಗಲ, ಆರಡಿ ಉದ್ದ, ಎತ್ತರ ಎಂಟಡಿ. ಹಿಂದೆ ಇದು ಹಂಡೆ ಇದ್ದ ದೊಡ್ಡ ಬಚ್ಚಲುಕೋಣೆಯ ಭಾಗ. ಮಗ ಬೆಂಗಳೂರಿನಿಂದ ಬಂದಾಗ ಅಮ್ಮನಿಗೆ ಕಟ್ಟಿಗೆ ಹೊರುವುದು ಕಷ್ಟವೆಂದು ಟೈಲ್ಸ್ ಹಾಕಿಸಿ, ಮೇಲೆ ಶೀಟಿನ ಸೀಲಿಂಗ್ ಹೊಡೆಸಿ ಗೀಸರ್ ಕೂರಿಸಿದ್ದ. ಪ್ರೀತಿಯಿಂದಲೇ ಮಾಡಿದ ಕೆಲಸ. ಗಾಳಿಗೆಂದು ಇದ್ದದ್ದು ಗಾಜಿನ ಪಟ್ಟಿಗಳ ಸಣ್ಣ ಕಿಟಕಿಯೊಂದೇ. ಮಳೆಗಾಲದಲ್ಲಿ ಇರಚಲು ಹೊಡೆಯುತ್ತದೆಂದು ಅದಕ್ಕೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಕಟ್ಟಿದ್ದರು.

ಕಾಗದದ ಮೇಲೆ ಲೆಕ್ಕ ಹಾಕಿದೆ. ಕೋಣೆಯಲ್ಲಿ ಹಿಡಿಯುವ ಗಾಳಿ ಸುಮಾರು 6.8 ಘನ ಮೀಟರ್. ನಿಮಿಷಕ್ಕೆ ಆರು ಲೀಟರ್ ನೀರು ಕಾಯಿಸುವ ಗೀಸರ್ ಪೂರ್ತಿ ಉರಿಯುವಾಗ ಗಂಟೆಗೆ ಹೆಚ್ಚುಕಡಿಮೆ ಒಂದು ಕೆ.ಜಿ. ಗ್ಯಾಸ್ ಸುಡುತ್ತದೆ. ಒಂದು ಕೆ.ಜಿ. ಎಲ್‌ಪಿಜಿ ಸರಿಯಾಗಿ ಉರಿಯಬೇಕಾದರೆ ಹನ್ನೆರಡು ಹದಿಮೂರು ಘನ ಮೀಟರ್ ಗಾಳಿ ಬೇಕು. ಹತ್ತು ನಿಮಿಷದ ಸ್ನಾನಕ್ಕೆ ಎರಡು ಘನ ಮೀಟರ್ ಎಂದಾಯಿತು. ಕೋಣೆಯ ಗಾಳಿಯಲ್ಲಿ ಮೂರರಲ್ಲೊಂದು ಪಾಲಿನಷ್ಟನ್ನು ಗೀಸರೇ ತಿನ್ನುತ್ತದೆ, ತಿಂದು ಬಿಟ್ಟದ್ದನ್ನು ಅಲ್ಲೇ ಉಗುಳುತ್ತದೆ. ಉಳಿದದ್ದನ್ನು ಉಸಿರಾಡಬೇಕಾದವರು ಚಿಕ್ಕಮ್ಮ.

ಆಮ್ಲಜನಕ ಕಡಿಮೆಯಾದ ಹಾಗೆ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. "ಗ್ಯಾಸ್ ವಾಸನೆ ಏನೂ ಬರಲಿಲ್ಲವಲ್ಲ ಮಗ" ಎಂದು ಚಿಕ್ಕಮ್ಮ ಎರಡು ಮೂರು ಸಲ ಹೇಳಿದರು. ನಮ್ಮವರೆಲ್ಲ ಸೋಲುವುದು ಇಲ್ಲಿಯೇ. ಸಿಲಿಂಡರಿನ ಗ್ಯಾಸಿಗೆ ಸ್ವಂತ ವಾಸನೆ ಇಲ್ಲದ ಕಾರಣ, ಸೋರಿದರೆ ಗೊತ್ತಾಗಲಿ ಎಂದು ಈಥೈಲ್ ಮರ್ಕ್ಯಾಪ್ಟನ್ ಎಂಬ ನಾರುವ ವಸ್ತುವನ್ನು ಬೆರೆಸಿರುತ್ತಾರೆ. ಗ್ಯಾಸ್ ಉರಿದಾಗ ಅದೂ ಉರಿದುಹೋಗುತ್ತದೆ. ಸೋರಿದ ಗ್ಯಾಸನ್ನು ಮೂಗು ಹಿಡಿದೀತು, ಕೆಟ್ಟು ಉರಿದ ಗ್ಯಾಸನ್ನು ಯಾವ ಮೂಗೂ ಹಿಡಿಯದು. ಹಳೆಯ ಹಂಡೆಯ ಒಲೆಯಲ್ಲಿ ಹೊಗೆ ಕಣ್ಣಿಗೆ ಹತ್ತಿ ಮನುಷ್ಯನನ್ನು ಹೊರಗೆ ಓಡಿಸುತ್ತಿತ್ತು, ಹಂಚಿನ ಸಂದಿನಿಂದ ಗಾಳಿಯೂ ಆಡುತ್ತಿತ್ತು. ಹೊಗೆ ಕಾಣದ ಬೆಂಕಿಯನ್ನು ತಂದಾಗಲೇ ನಾವು ಸಂದುಗಳನ್ನೆಲ್ಲ ಮುಚ್ಚಿದೆವು.

ಗೀಸರಿನ ರಟ್ಟಿನ ಪೆಟ್ಟಿಗೆ ಅಟ್ಟದ ಮೇಲಿತ್ತು. ಒಳಗೆ ಪ್ಲಾಸ್ಟಿಕ್ ಲಕೋಟೆ ಒಡೆಯದ ಪುಸ್ತಿಕೆ. ಬಚ್ಚಲಿನೊಳಗೆ ಕೂರಿಸಬಾರದು ಎಂದು ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಕೂರಿಸಿಹೋದವನು ಅದನ್ನು ಓದಲಿಲ್ಲ, ಚಿಕ್ಕಮ್ಮನಿಗೆ ಆ ಎರಡು ಭಾಷೆ ಓದಲು ಬರುವುದಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ಗ್ಯಾಸ್ ಸುರಕ್ಷತೆಯ ಒಂದು ಹಾಳೆ ಅಂಟಿಸಿತ್ತು, ಅದು ಮಲಯಾಳದಲ್ಲಿ. ಚಿಕ್ಕಮ್ಮ ಕಲಿತದ್ದು ಕನ್ನಡ ಶಾಲೆಯಲ್ಲಿ. ಮಲಯಾಳ ಮಾತಾಡಿದರೆ ತಿಳಿಯುತ್ತದೆ, ಅಕ್ಷರ ಕೂಡಿಸಲು ಆಗುವುದಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಹೀಗೆ ಓದಲಾಗದ ಕಾಗದಗಳು ಎಷ್ಟೋ ಮನೆಗೆ ಬಂದಿವೆ. ಪಡಿತರದ ಕಾಗದ ಓದಲಾಗದಿದ್ದರೆ ಯಾರನ್ನಾದರೂ ಕೇಳಬಹುದು. ಗ್ಯಾಸ್ ಸೋರುವ ಹೊತ್ತಿಗೆ ಯಾರನ್ನು ಕೇಳುವುದು?

ಎರಡನೇ ಶನಿವಾರ: ಹೋಸ್

ಈ ದಿನ ಏಜೆನ್ಸಿಯ ಮೆಕ್ಯಾನಿಕ್ ಬಂದರು. ಗ್ಯಾಸ್ ತುಂಬಿದ ಜಾಗಕ್ಕೆ ಕೈಹಾಕುವುದು ಅವರ ಕೆಲಸ, ಕಲ್ಲು ಸಿಮೆಂಟು ನೀರಿನ ಪೈಪು ನನ್ನ ಕೆಲಸ ಎಂದು ಮೊದಲೇ ಹಂಚಿಕೊಂಡೆವು. ಮನೆಯಲ್ಲಿ ಮಾಡುವವರು ಈ ಗೆರೆ ದಾಟಬೇಡಿ.

ಅಡುಗೆಮನೆಯ ಕಡಪ ಕಲ್ಲಿನ ಕಟ್ಟೆಯ ಅಡಿಗೆ ಸಿಲಿಂಡರ್, ಮುಂದೆ ಪ್ಲೈವುಡ್ ಬಾಗಿಲು. ಸಿಲಿಂಡರಿನಿಂದ ಬಂದ ಹೋಸಿಗೆ ಮೂರು ಬಾಯಿಯ ಜೋಡಣೆ, ಅಂದರೆ ಒಂದು ಟೀ ಹಾಕಿ ಒಂದು ಕವಲು ಸ್ಟವ್‌ಗೆ, ಇನ್ನೊಂದು ಗೋಡೆಯ ತೂತಿನಲ್ಲಿ ತೂರಿ ಬಚ್ಚಲಿನ ಗೀಸರಿಗೆ. ಗೀಸರಿನ ಕವಲಷ್ಟೇ ನಾಲ್ಕು ಮೀಟರ್, ಬಜಾರಿನ ಸಾದಾ ಹಸಿರು ರಬ್ಬರ್, ಮೇಲೆ ತಾರೀಖಿಲ್ಲ, ಗುರುತಿಲ್ಲ. ಮೆಕ್ಯಾನಿಕ್ ನೋಡಿ ತಲೆಯಾಡಿಸಿ, "ಟೀ ಹಾಕಲಿಕ್ಕೇ ಇಲ್ಲ. ಗೋಡೆಯೊಳಗೆ ಹೋಸ್ ಹೋಗಲಿಕ್ಕೇ ಇಲ್ಲ. ಒಂದೂವರೆ ಮೀಟರಿಗಿಂತ ಉದ್ದ ಇರಲಿಕ್ಕಿಲ್ಲ" ಎಂದರು.

ತೆಗೆಯುವ ಮೊದಲು ಸೋಪಿನ ನೊರೆ ಹಚ್ಚಿ ನೋಡೋಣವೆಂದೆ. ಬಟ್ಟೆ ಸೋಪನ್ನು ನೀರಿನಲ್ಲಿ ಕಲಸಿ, ಹಳೆಯ ಬಣ್ಣದ ಬ್ರಶ್ಶಿನಿಂದ ಟೀಯ ಮೂರೂ ಬಾಯಿಗೆ ಸುತ್ತ ಹಚ್ಚಿದೆವು. ಎರಡು ಬಾಯಿ ಸುಮ್ಮನಿದ್ದವು. ಮೂರನೆಯದರಲ್ಲಿ, ಕ್ಲಿಪ್ಪಿನ ಸ್ಕ್ರೂ ಇರುವ ಕಡೆ, ಸಾಸಿವೆಯಷ್ಟು ಗುಳ್ಳೆಯೊಂದು ಎದ್ದಿತು. ನೋಡುತ್ತಿದ್ದ ಹಾಗೆ ಕಡಲೆಯಷ್ಟಾಗಿ ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು, ಮತ್ತೊಂದು. ಚಿಕ್ಕಮ್ಮ ಹತ್ತಿರ ಬಂದು ಬಗ್ಗಿ ನೋಡಿ, "ಇದು ಯಾವಾಗಿಂದ ಹೀಗೆ?" ಎಂದರು. ನಮ್ಮಿಬ್ಬರಲ್ಲೂ ಉತ್ತರವಿರಲಿಲ್ಲ. ಬೆಂಕಿಕಡ್ಡಿ ಗೀರಿ ಸೋರಿಕೆ ನೋಡುವ ಕೆಟ್ಟ ಅಭ್ಯಾಸ ನಮ್ಮ ಊರಿನಲ್ಲಿ ಇನ್ನೂ ಉಂಟು. ದಯವಿಟ್ಟು ಬೇಡ. ಒಂದು ಚಮಚ ಸೋಪು ಸಾಕು.

ಆಮೇಲೆ ರೆಗ್ಯುಲೇಟರ್ ಬಿಚ್ಚಿ ಸಿಲಿಂಡರಿಗೆ ಮುಚ್ಚಳ ಹಾಕಿ ಅಂಗಳಕ್ಕಿಟ್ಟು, ಗೋಡೆಯ ತೂತಿನಿಂದ ಹೋಸ್ ಎಳೆದೆವು. ಸಿಕ್ಕಿಕೊಂಡು ಬರಲೇ ಇಲ್ಲ. ಸುತ್ತಿನ ಗಾರೆ ಬಿಡಿಸಿ ಎಳೆದಾಗ ಬಂದದ್ದನ್ನು ಬೆಳಕಿಗೆ ಹಿಡಿದೆ. ಗೋಡೆಯೊಳಗಿದ್ದ ಗೇಣುದ್ದದ ಭಾಗದಲ್ಲಿ ಇಲಿಯ ಹಲ್ಲಿನ ಗುರುತು, ಎರಡೆರಡು ಗೀರು ಪಕ್ಕಪಕ್ಕದಲ್ಲಿ, ಒಂದು ಕಡೆ ಹೊರಗಿನ ರಬ್ಬರ್ ಪೂರ್ತಿ ಹೋಗಿ ಒಳಗಿನ ನೂಲು ಕಾಣುತ್ತಿತ್ತು. ಬೆರಳಿನಲ್ಲಿ ಮಡಚಿದರೆ ಉಳಿದ ಭಾಗವೂ ಬಿಸಿಲಿಗೆ ಒಡೆದ ಗದ್ದೆಯ ಹಾಗೆ ಬಿರುಕು ಬಿಟ್ಟಿತು. ಅಡಿಕೆ, ತೆಂಗು, ಅಕ್ಕಿ ಇರುವ ಮನೆಯಲ್ಲಿ ಇಲಿ ಇಲ್ಲದಿರಲು ಸಾಧ್ಯವಿಲ್ಲ. ಈಗ ಹಾಕಿದ್ದು ಕಿತ್ತಳೆ ಬಣ್ಣದ ಸುರಕ್ಷಾ ಹೋಸ್. ಒಳಗೆ ಉಕ್ಕಿನ ತಂತಿಯ ಹೆಣಿಗೆ ಇರುವುದರಿಂದ ಇಲಿಗೆ ಸುಲಭಕ್ಕೆ ಬಗ್ಗದು. ಐಎಸ್ 9573 ಎಂಬ ಭಾರತೀಯ ಮಾನಕದ ಗುರುತು ಅದರ ಮೈಮೇಲೆಯೇ ಇರುತ್ತದೆ. ಆಯುಷ್ಯ ಐದು ವರ್ಷ. ಹೋಸಿಗೆ ಪ್ಲಾಸ್ಟಿಕ್ ಕವರ್ ಹಾಕಿ ಅಂದ ಮಾಡಬೇಡಿ, ಬಿರುಕು ಬಿಟ್ಟರೆ ಕಾಣುವುದಿಲ್ಲ.

ಸಿಲಿಂಡರಿನೊಳಗೆ ಒತ್ತಡ ಚದರ ಸೆಂಟಿಮೀಟರಿಗೆ ಐದಾರು ಕೆ.ಜಿ. ಇರುತ್ತದೆ. ರೆಗ್ಯುಲೇಟರ್ ಅದನ್ನು 30 ಗ್ರಾಮಿಗೆ ಇಳಿಸಿ ಕೊಡುತ್ತದೆ. ಆದ್ದರಿಂದ ಹೋಸಿನ ಸೋರಿಕೆ ಬುಸ್ ಎನ್ನುವುದಿಲ್ಲ, ಸದ್ದಿಲ್ಲದೆ ಕೆಳಗಿಳಿಯುತ್ತದೆ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ನೀರಿನ ಹಾಗೆ ನೆಲದ ಮೇಲೆ ಹರಡಿ ತಗ್ಗು ಹುಡುಕುತ್ತದೆ. 2012ರ ಆಗಸ್ಟ್ 27ರ ರಾತ್ರಿ ಕಣ್ಣೂರಿನ ಚಾಲದಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿದಾಗ ಸೋರಿದ ಗ್ಯಾಸಿಗೆ ಬೆಂಕಿ ಹತ್ತಿ, ರಸ್ತೆಯ ಪಕ್ಕದ ಮನೆಗಳಲ್ಲಿದ್ದವರು ಸುಟ್ಟುಹೋದದ್ದು ನಮ್ಮ ಕಡೆಯವರಿಗೆ ಇನ್ನೂ ನೆನಪಿದೆ. ಅದು ಟ್ಯಾಂಕರ್, ಇದು 14.2 ಕೆ.ಜಿ. ನೆಲಕ್ಕೆ ಇಳಿಯುವ ಸ್ವಭಾವ ಎರಡಕ್ಕೂ ಒಂದೇ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೂ ಕಿಡಿಗೆ ಹತ್ತಿಕೊಳ್ಳುತ್ತದೆ. ಚಿಕ್ಕಮ್ಮನ ಸಿಲಿಂಡರಿನ ಗೂಡಿಗೆ ಪ್ಲೈವುಡ್ ಬಾಗಿಲು, ಒಂದು ಮೊಳ ಆಚೆ ಫ್ರಿಜ್. ಫ್ರಿಜ್ಜಿನ ಮೋಟರ್ ತಾನಾಗಿ ಶುರುವಾಗುವಾಗ ರಿಲೇಯಲ್ಲಿ ಕಿಡಿ ಹಾರುವುದನ್ನು ನಾನು ಅಂಗಡಿಯಲ್ಲಿ ದಿನವೂ ನೋಡುತ್ತೇನೆ.

ಅದೇ ಸಂಜೆ ಪ್ಲೈವುಡ್ ಬಾಗಿಲು ಕಿತ್ತೆ, ಫ್ರಿಜ್ ಊಟದ ಕೋಣೆಗೆ ಹೋಯಿತು. ಸಿಲಿಂಡರ್ ನಿಂತ ಜಾಗದ ಹಿಂದಿನ ಗೋಡೆಯಲ್ಲಿ, ನೆಲಕ್ಕೆ ಸರಿಯಾಗಿ ಒಂದು ಕೆಂಪುಕಲ್ಲು ಕಳಚಿ ಸಿಮೆಂಟ್ ಜಾಲಿ ಕೂರಿಸಿ, ಹಾವು ಇಲಿ ಬಾರದ ಹಾಗೆ ಹೊರಗಿನಿಂದ ಸಣ್ಣ ಕಣ್ಣಿನ ತಂತಿಬಲೆ ಹೊಡೆದೆವು. ಹೊರಗೆ ಅಂಗಳ ಒಂದಡಿ ತಗ್ಗು, ಆದ್ದರಿಂದ ಗ್ಯಾಸ್ ಸೋರಿದರೆ ಹರಿದುಹೋಗಲು ದಾರಿ ಇದೆ. ಈ ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನದ್ದು ಈ ಒಂದು ತೂತು. ನನಗೆ ಎಲ್ಲಕ್ಕಿಂತ ಹೆಚ್ಚು ನೆಮ್ಮದಿ ಕೊಟ್ಟದ್ದೂ ಇದೇ.

ನಮ್ಮ ಜಿಲ್ಲೆಯನ್ನು ಹಾದು ಗೇಲ್ ಕಂಪನಿಯ ಕೊಚ್ಚಿ–ಮಂಗಳೂರು ಗ್ಯಾಸ್ ಪೈಪ್‌ಲೈನ್ 2021ರ ಜನವರಿಯಲ್ಲಿ ಶುರುವಾಗಿದೆ. ಪೈಪಿನ ಗ್ಯಾಸ್ ಮನೆಗೆ ಬಂದವರು ಒಂದು ವಿಷಯ ನೆನಪಿಡಬೇಕು. ಅದು ಹೆಚ್ಚಾಗಿ ಮೀಥೇನ್, ಗಾಳಿಗಿಂತ ಹಗುರ, ಸೋರಿದರೆ ಮಾಡಿಗೆ ಏರುತ್ತದೆ. ಕೆಳಗಿನ ಜಾಲಿ ಅದಕ್ಕೆ ಸಾಲದು, ಮೇಲೆಯೂ ಬೇಕು. ಸ್ಟವ್‌ನಲ್ಲಿ ಗ್ಯಾಸ್ ಹೊರಬರುವ ಸಣ್ಣ ತೂತಿನ ಜೆಟ್ಟೂ ಬದಲಾಗಬೇಕು.

ಮೂರನೇ ಶನಿವಾರ: ಗೋಡೆಯಾಚೆ

ಗೀಸರ್ ಹೊರಗೆ ಎಲ್ಲಿ? ಹತ್ತಿರವಾಗುತ್ತದೆಂದು ಬಚ್ಚಲಿನ ಕಿಟಕಿಯ ಪಕ್ಕದಲ್ಲೇ ಇಡೋಣ ಎಂದರು ಚಿಕ್ಕಪ್ಪ. ಹಾಗೆ ಮಾಡಿದರೆ ಉರಿದ ಗಾಳಿ ಅದೇ ಕಿಟಕಿಯಿಂದ ಒಳಗೆ ಬರುತ್ತದೆ. ಪಡುವಣ ಗೋಡೆಗೆ ಮಳೆಗಾಳಿ ನೇರ ಬಡಿಯುತ್ತದೆ, ಜ್ವಾಲೆ ನಿಲ್ಲುವುದಿಲ್ಲ. ಕೊನೆಗೆ ಮೂಡಣ ಗೋಡೆ, ಕಿಟಕಿಯಿಂದ ಮೂಲೆ ತಿರುಗಿ ಆಚೆ. ಮೂರು ಕಡೆ ಬಯಲು, ಮೇಲೆ ಇಳಿಮಾಡು.

ಕೆಂಪುಕಲ್ಲಿಗೆ ಫಾಸ್ನರ್ ಹೊಡೆದರೆ ನಿಲ್ಲುವುದಿಲ್ಲ. ಕಲ್ಲಿನಲ್ಲಿ ಜೇನುಗೂಡಿನ ಹಾಗೆ ತೂತುಗಳಿರುವುದರಿಂದ ಬಿಗಿದಷ್ಟೂ ಪುಡಿಯಾಗಿ ಸುತ್ತುತ್ತದೆ. ಇದು ಪಂಪಿನ ಪ್ಯಾನಲ್‌ಗಳನ್ನು ಕೂರಿಸುವಾಗ ಕಲಿತ ಪಾಠ. ಆದ್ದರಿಂದ ಗೋಡೆಯ ಆಚೀಚೆ ತೂತು ಹೊಡೆದು ತಿರುಪಿನ ಮರೆ ಇರುವ ನಾಲ್ಕು ಸರಳು ತೂರಿಸಿ, ಎರಡೂ ಕಡೆ ದೊಡ್ಡ ವಾಷರ್ ಇಟ್ಟು ನಟ್ಟು ಬಿಗಿದೆ. ಹೊರಗಿನ ಸರಳುಗಳಿಗೆ ಕಬ್ಬಿಣದ ಆ್ಯಂಗಲ್‌ನ ಚೌಕಟ್ಟು, ಅದರ ಮೇಲೆ ಗೀಸರ್. ಪೆಟ್ಟಿಗೆಯ ತಲೆಯಿಂದ ಬಿಸಿ ಗಾಳಿ ಏರುತ್ತದೆ, ಮೇಲೆ ಹಂಚು ಹೊರುವ ಪಕ್ಕಾಸು ಮರದ್ದು. ಎರಡೂವರೆ ಅಡಿ ಅಂತರ ಬಿಟ್ಟು, ಪಕ್ಕಾಸಿನ ಅಡಿಗೆ ತಗಡೊಂದನ್ನು ಒಂದಿಂಚು ಸಂದು ಬಿಟ್ಟು ಹೊಡೆದೆ. ಬಿಸಿನೀರು ಒಳಗೆ ಹೋಗಲು ಸಿಪಿವಿಸಿ ಪೈಪು. ಬಿಳಿಯ ಸಾದಾ ಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ.

ಗೀಸರಿನ ಸಿಲಿಂಡರಿಗೆ ನೆಲದಿಂದ ಅರ್ಧ ಅಡಿ ಎತ್ತರದ ಕಾಂಕ್ರೀಟ್ ಕಟ್ಟೆ, ಸುತ್ತ ಬಲೆಯ ಗೂಡು. ತೋಟಕ್ಕೆ ಮಂಗಗಳು ಬರುತ್ತವೆ, ಹೋಸ್ ಎಳೆಯದೆ ಬಿಡುವುದಿಲ್ಲ. ಬಚ್ಚಲಿನ ನೀರು ಹೋಗುವ ಚರಂಡಿ ಅಲ್ಲೇ ಹತ್ತಿರ ಹಾದಿತ್ತು. ಗ್ಯಾಸ್ ತಗ್ಗಿಗೆ ಇಳಿಯುವುದಾದ್ದರಿಂದ ತೆರೆದ ಚರಂಡಿ ಪಕ್ಕದಲ್ಲಿರಬಾರದು ಎಂದು ಮೆಕ್ಯಾನಿಕ್ ಹೇಳಿದರು, ಕಟ್ಟೆಯನ್ನು ಎಂಟಡಿ ಆಚೆ ಕಟ್ಟುವ ಯೋಚನೆ ಬಂತು. ಹಾಗಾದರೆ ಹೋಸ್ ಒಂದೂವರೆ ಮೀಟರಿಗೆ ಸಾಲದು. ಚರಂಡಿಯನ್ನೇ ತಿರುಗಿಸಿ ಪೈಪು ಹೂತೆ. ಇಡೀ ಮಧ್ಯಾಹ್ನ ಅದಕ್ಕೇ ಹೋಯಿತು.

ಕೊನೆಯ ಶನಿವಾರ

ಗೀಸರಿಗೆ ಬೇರೆ ಸಿಲಿಂಡರ್, ಬೇರೆ ರೆಗ್ಯುಲೇಟರ್. ಟೀ ಎಲ್ಲಿಯೂ ಇಲ್ಲ. ರೆಗ್ಯುಲೇಟರ್ ಏಜೆನ್ಸಿಯಿಂದಲೇ ರಸೀದಿ ಸಮೇತ ಬಂತು. ಹೊಸ ಸಿಲಿಂಡರಿನ ಮುಚ್ಚಳ ತೆಗೆದ ಮೆಕ್ಯಾನಿಕ್ ಚಿಕ್ಕಮ್ಮನನ್ನು ಕರೆದು ವಾಲ್ವಿನೊಳಗೆ ಟಾರ್ಚ್ ಬಿಟ್ಟು ತೋರಿಸಿದರು. ಒಳಗೆ ಕಪ್ಪು ರಬ್ಬರ್ ಬಳೆ, ಓ-ರಿಂಗ್. ಅದು ಇಲ್ಲದಿದ್ದರೆ, ಹರಿದಿದ್ದರೆ ರೆಗ್ಯುಲೇಟರ್ ಎಷ್ಟು ಒತ್ತಿದರೂ ಸೋರುತ್ತದೆ. ಸಿಲಿಂಡರ್ ಇಳಿಸಿ ಹೋಗುವ ಮೊದಲೇ ನೋಡಬೇಕಾದದ್ದು ಇದು. ಹಿಡಿಯ ಕಾಲಿನ ಒಳಬದಿಯಲ್ಲಿ ಒಂದು ಅಕ್ಷರ, ಎರಡು ಅಂಕಿ ಬರೆದಿರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲಿನಿಂದ ಜೂನ್, ಸಿ ಜುಲೈಯಿಂದ ಸೆಪ್ಟೆಂಬರ್, ಡಿ ವರ್ಷದ ಕೊನೆಯ ಮೂರು ತಿಂಗಳು. ಅಂಕಿ ವರ್ಷದ್ದು. ಸಿಲಿಂಡರಿನ ಮುಂದಿನ ಪರೀಕ್ಷೆಯ ಗಡುವು ಅದು, ಆ ಗಡುವು ದಾಟಿದ ಸಿಲಿಂಡರನ್ನು ವಾಪಸು ಕಳಿಸಬಹುದು. ಇಷ್ಟು ವರ್ಷ ಅದನ್ನು ಕಂಪನಿಯ ನಂಬರ್ ಎಂದುಕೊಂಡಿದ್ದರು ಚಿಕ್ಕಮ್ಮ.

ಸೋಪಿನ ನೊರೆ ಮತ್ತೆ ಬಂತು. ಎಲ್ಲ ಬಾಯಿಗಳಿಗೂ ಹಚ್ಚಿ ಐದು ನಿಮಿಷ ಕಾದೆವು. ಒಂದು ಗುಳ್ಳೆಯೂ ಏಳಲಿಲ್ಲ. ಗೀಸರ್ ಹಚ್ಚಿದಾಗ ನೀಲಿ ಜ್ವಾಲೆ, ತುದಿಯಲ್ಲಿಯೂ ಹಳದಿ ಇಲ್ಲ. ಅಡುಗೆಮನೆಯ ಸ್ಟವ್‌ನ ಒಂದು ಬರ್ನರ್ ಮಾತ್ರ ಹಳದಿ ಉರಿದು ಪಾತ್ರೆಗೆ ಮಸಿ ಹಿಡಿಯುತ್ತಿತ್ತು, ಜೆಟ್ಟು ಬದಲಾಯಿತು. ಬಚ್ಚಲಿನ ಗಾಜಿನ ಪಟ್ಟಿಗಳನ್ನು ಪೂರ್ತಿ ತೆಗೆದು, ಮಳೆ ಹೊಡೆಯದ ಹಾಗೆ ಹೊರಗೆ ತಗಡಿನ ಮರೆ ಕೊಟ್ಟೆ. ಇನ್ನು ಅದನ್ನು ಮುಚ್ಚಲು ಬೇಕೆಂದರೂ ಆಗದು. ಬಿಸಿನೀರು ಬರುವ ಮೊದಲು ಈಗ ಎರಡು ಚೊಂಬು ತಣ್ಣೀರು ಬೀಳುತ್ತದೆ. ಚಿಕ್ಕಮ್ಮ ಅದನ್ನು ಬಕೆಟ್ಟಿಗೆ ಹಿಡಿದು ಬಸಳೆಗೆ ಹಾಕುತ್ತಾರೆ.

ಬಾಗಿಲ ಹಿಂದಿನ ಹಾಳೆಯ ಪಕ್ಕದಲ್ಲಿ ಇನ್ನೊಂದು ಹಾಳೆ ಅಂಟಿಸಿದ್ದೇನೆ. ಕನ್ನಡಕವಿಲ್ಲದೆ ಕಾಣುವಷ್ಟು ದೊಡ್ಡ ಅಕ್ಷರ. ಬರೆದವನು ನಾನು, ಬರೆಸಿದವರು ಚಿಕ್ಕಮ್ಮ. ನಾನು "ವಿದ್ಯುತ್ ಉಪಕರಣಗಳನ್ನು ಚಾಲನೆ ಮಾಡಬಾರದು" ಎಂದು ಶುರು ಮಾಡಿದ್ದೆ. "ಅಷ್ಟೆಲ್ಲ ಓದುವಷ್ಟು ಹೊತ್ತು ಎಲ್ಲಿ ಇರುತ್ತದೆ ಮಗ, ಹೇಳಿದ ಹಾಗೆ ಬರೆ" ಎಂದರು. ಈಗ ಅದರಲ್ಲಿ ಹೀಗಿದೆ:

ನಾರಿದರೆ ಸ್ವಿಚ್ ಮುಟ್ಟಬೇಡಿ. ಹಾಕಲೂ ಬೇಡಿ, ತೆಗೆಯಲೂ ಬೇಡಿ. ಫ್ಯಾನೂ ಬೇಡ.
ದೇವರ ದೀಪ, ಕಟ್ಟಿಗೆ ಒಲೆ ನಂದಿಸಿ.
ಸ್ಟವ್ ತಿರುಪು, ರೆಗ್ಯುಲೇಟರ್ ಬಂದ್ ಮಾಡಿ. ಸಿಲಿಂಡರಿಗೆ ಮುಚ್ಚಳ ಹಾಕಿ.
ಬಾಗಿಲು ಕಿಟಕಿ ತೆರೆದು ಅಂಗಳಕ್ಕೆ ಹೋಗಿ.
ಅಂಗಳದಿಂದ 1906ಕ್ಕೆ ಫೋನ್ ಮಾಡಿ. ರಾತ್ರಿಯೂ ಎತ್ತುತ್ತಾರೆ.
ಬಚ್ಚಲಿನಲ್ಲಿ ತಲೆ ತಿರುಗಿದರೆ ನೀರು ನಿಲ್ಲಿಸಲು ಕೂರಬೇಡಿ. ಹೊರಗೆ ಬನ್ನಿ.

ಕೊನೆಯ ಸಾಲು ಅವರದೇ. ಆ ಸಂಜೆ ತಲೆ ತಿರುಗಿದಾಗ, ನಳ್ಳಿ ನಿಲ್ಲಿಸಿ ಹೋಗೋಣ ಎಂದು ಬಗ್ಗಿದ್ದಷ್ಟೇ ನೆನಪು ಎಂದರು.

ಹಾಳೆಯ ಅಡಿಯಲ್ಲಿ ಎರಡು ಹೋಸಿನ ತಾರೀಖು ಬರೆದಿಟ್ಟಿದ್ದೇನೆ, ಐದು ವರ್ಷಕ್ಕೆ ಬದಲಿಸಲು. ಡ್ರಿಲ್ಲು, ಉಳಿದ ಸರಳು, ತಂತಿಬಲೆಯ ತುಂಡು ಚಿಕ್ಕಮ್ಮನ ಮನೆಯಲ್ಲೇ ಬಿಟ್ಟು ಬಂದೆ. ತೋಟದಾಚೆಯ ಮನೆಯವರು ಕೆಲಸ ನೋಡಲು ಬಂದಿದ್ದರು. ಅವರ ಗೀಸರೂ ಬಚ್ಚಲಿನೊಳಗೆ ಇದೆ, ಅವರ ಮನೆಯಲ್ಲಿ ಎರಡು ಮಕ್ಕಳು. ಬರುವ ಶನಿವಾರ ಅಲ್ಲಿಗೆ ಹೋಗಲಿಕ್ಕುಂಟು. ಅಲ್ಲಿಯವರೆಗೆ ಅದರ ರೆಗ್ಯುಲೇಟರ್ ಬಂದ್ ಮಾಡಿಸಿ, ನಮ್ಮ ಹಂಡೆಯನ್ನು ಅವರಿಗೆ ಕೊಟ್ಟಿದ್ದೇವೆ.